ಆರು ಕುಂಡದ ಮನೆಮದ್ದಿನ ತೋಟ: ಗಿಡ ನೆಡುವುದರಿಂದ ಕಷಾಯ, ತಂಬುಳಿ, ಎಣ್ಣೆವರೆಗೆ

ವಾಟ್ಸಾಪ್‌ನಲ್ಲಿ ದಿನಕ್ಕೊಂದು ಔಷಧಿ ಗಿಡ ಬರುತ್ತದೆ. ಇವತ್ತು ಕಿಡ್ನಿ ಕಲ್ಲು ಕರಗಿಸುವ ಎಲೆ, ನಾಳೆ ಸಕ್ಕರೆ ಕಾಯಿಲೆ ಓಡಿಸುವ ಬೇರು, ನಾಡಿದ್ದು ಇನ್ನೇನೋ. ಇಷ್ಟೆಲ್ಲ ಓದಿ ಫಾರ್ವರ್ಡ್ ಮಾಡಿದವರ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಮಗು ಕೆಮ್ಮಲು ಶುರು ಮಾಡಿದರೆ ದೊಡ್ಡಪತ್ರೆಯ ಒಂದು ಎಲೆಯೂ ಇರುವುದಿಲ್ಲ. ನಾನು ಹೇಳುವುದಿಷ್ಟೇ: ಮನೆಮದ್ದಿಗೆ ನೂರು ಗಿಡ ಬೇಡ, ಆರು ಸಾಕು. ಆದರೆ ಆ ಆರರ ಬಗ್ಗೆ ಪೂರ್ತಿ ಗೊತ್ತಿರಬೇಕು. ಯಾವ ಭಾಗ ಬಳಸಬೇಕು, ಎಷ್ಟು, ಹೇಗೆ, ಎಲ್ಲಕ್ಕಿಂತ ಮುಖ್ಯವಾಗಿ ಎಲ್ಲಿ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಬೇಕು.

ನನ್ನ ಆರು ಇವು: ದೊಡ್ಡಪತ್ರೆ, ತುಳಸಿ, ಒಂದೆಲಗ, ಲೋಳೆಸರ, ಮಜ್ಜಿಗೆ ಹುಲ್ಲು (ಲೆಮನ್ ಗ್ರಾಸ್), ಕೆಂಪು ದಾಸವಾಳ. ಶುಂಠಿ, ಅರಿಶಿನ, ಮೆಣಸು, ಜೀರಿಗೆ ಹೇಗೂ ಅಡುಗೆಮನೆಯಲ್ಲಿರುತ್ತವೆ, ಅವನ್ನು ಲೆಕ್ಕಕ್ಕೆ ಹಿಡಿದಿಲ್ಲ. ಅಮೃತಬಳ್ಳಿ ಯಾಕಿಲ್ಲ ಎಂದು ಕೇಳುವವರಿಗೆ ಉತ್ತರ ಕೆಳಗಿದೆ.

ಕುಂಡ, ಮಣ್ಣು, ಬಿಸಿಲು

ಈ ಆರೂ ಬಾಡಿಗೆ ಮನೆಯ ಬಾಲ್ಕನಿಯಲ್ಲೇ ಬೆಳೆಯುತ್ತವೆ. ದಾಸವಾಳಕ್ಕೆ ಮಾತ್ರ ದೊಡ್ಡ ಕುಂಡ ಬೇಕು, 14 ಇಂಚಾದರೂ ಇರಲಿ. ಉಳಿದವಕ್ಕೆ 8ರಿಂದ 10 ಇಂಚು ಸಾಕು. ಒಂದೆಲಗಕ್ಕೆ ಆಳ ಬೇಡ, ಅಗಲ ಬೇಕು; ಹಳೆಯ ಪ್ಲಾಸ್ಟಿಕ್ ಟಬ್ಬಿಗೆ ತಳದಲ್ಲಿ ನಾಲ್ಕು ತೂತು ಹೊಡೆದರೆ ಅದೇ ಒಳ್ಳೆಯ ಕುಂಡ. ಮಣ್ಣಿಗೆ ತಲೆ ಕೆಡಿಸಿಕೊಳ್ಳಬೇಡಿ. ಕೆಂಪು ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು, ಮರಳು ಅಥವಾ ತೆಂಗಿನ ನಾರಿನ ಪುಡಿ ಒಂದು ಪಾಲು.

ಬಿಸಿಲಿನ ವಿಷಯದಲ್ಲಿ ಇವು ಎರಡು ಗುಂಪು. ತುಳಸಿ, ಮಜ್ಜಿಗೆ ಹುಲ್ಲು, ದಾಸವಾಳಕ್ಕೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ದೊಡ್ಡಪತ್ರೆ ಮತ್ತು ಒಂದೆಲಗಕ್ಕೆ ಬೆಳಗಿನ ಬಿಸಿಲು ಬಿದ್ದರೆ ಸಾಕು. ಲೋಳೆಸರ ಎಲ್ಲಿಟ್ಟರೂ ಬದುಕುತ್ತದೆ, ಜಾಸ್ತಿ ನೀರು ಹಾಕಿದರೆ ಮಾತ್ರ ಸಾಯುತ್ತದೆ. ವಾರಕ್ಕೊಮ್ಮೆ ಹಾಕಿ ಸುಮ್ನೆ ಇರಿ.

ನರ್ಸರಿಯಿಂದ ತಂದ ಗಿಡದ ಎಲೆಯನ್ನು ಅವತ್ತೇ ಕಿತ್ತು ಕಷಾಯಕ್ಕೆ ಹಾಕಬೇಡಿ. ಅಲ್ಲಿ ಹುಳಕ್ಕೆ ಏನು ಹೊಡೆದಿರುತ್ತಾರೋ ಯಾರಿಗೆ ಗೊತ್ತು. ಮನೆಗೆ ತಂದು, ತುದಿ ಕತ್ತರಿಸಿ, ಒಂದು ತಿಂಗಳು ಬಿಟ್ಟು ಹೊಸದಾಗಿ ಚಿಗುರಿದ ಎಲೆಯನ್ನು ಮಾತ್ರ ಬಳಸಿ. ಮನೆಯಲ್ಲಿ ಬಿಳಿ ಹಿಟ್ಟಿನಂಥ ಹುಳ ಬಂದರೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಕಲಕಿ ಸಂಜೆ ಹೊತ್ತು ಸಿಂಪಡಿಸಿ. ಆಮೇಲೆ ಒಂದು ವಾರ ಆ ಗಿಡದ ಎಲೆ ಮುಟ್ಟಬೇಡಿ.

ರಸ್ತೆ ಬದಿಯ ಗಿಡ, ಮೋರಿ ಪಕ್ಕದ ಸೊಪ್ಪು ಬೇಡ. ಒಂದೆಲಗ ಮೋರಿ ಪಕ್ಕದಲ್ಲೇ ಸೊಂಪಾಗಿ ಬೆಳೆದಿರುತ್ತದೆ, ನೋಡಿದರೆ ಆಸೆಯೂ ಆಗುತ್ತದೆ. ಆದರೆ ಅದನ್ನು ನಾವು ಹಸಿಯಾಗಿ ರುಬ್ಬಿ ತಿನ್ನುವವರು ಅಲ್ವಾ, ಮೋರಿ ನೀರಿನ ಜಂತು, ಬ್ಯಾಕ್ಟೀರಿಯಾ ಎಲ್ಲ ನೇರ ಹೊಟ್ಟೆಗೇ ಹೋಗುತ್ತವೆ.

ದೊಡ್ಡಪತ್ರೆ: ಒಂದೇ ಗಿಡ ಸಾಕು ಎನ್ನುವವರಿಗೆ

ಒಂದೇ ಕುಂಡಕ್ಕೆ ಜಾಗ ಇದೆ ಎಂದರೆ ದೊಡ್ಡಪತ್ರೆ ನೆಡಿ. ಕೆಲವು ಕಡೆ ಸಾಂಬ್ರಾಣಿ ಸೊಪ್ಪು, ಕರ್ಪೂರವಳ್ಳಿ ಎಂದೂ ಕರೆಯುತ್ತಾರೆ. ಎಲೆ ದಪ್ಪ, ಮೇಲೆ ಸಣ್ಣ ರೋಮ, ಅಂಚು ಗರಗಸದ ಹಾಗೆ. ಮುರಿದು ಮೂಸಿದರೆ ಓಮದ ಕಾಳಿನ ವಾಸನೆ. ಆ ವಾಸನೆಗೆ ಕಾರಣ ಕಾರ್ವಕ್ರಾಲ್, ಥೈಮಾಲ್ ಎಂಬ ಎಣ್ಣೆ ಅಂಶಗಳು, ಓಮದಲ್ಲಿರುವುದೂ ಥೈಮಾಲೇ. ಅದಕ್ಕೇ ಕೆಲವರು ಇದನ್ನು ಓಮದ ಗಿಡ ಎಂದುಕೊಳ್ಳುತ್ತಾರೆ, ಆದರೆ ಅದು ಬೇರೆ, ಇದು ಬೇರೆ. ಅಮೆರಿಕದಲ್ಲಿರುವ ನಮ್ಮವರು ಹುಡುಕುತ್ತಿದ್ದರೆ ಅಲ್ಲಿನ ನರ್ಸರಿಗಳಲ್ಲಿ ಕ್ಯೂಬನ್ ಓರೆಗಾನೊ ಎಂದು ಕೇಳಿ, ಸಿಗುತ್ತದೆ. ಚಳಿಗಾಲದಲ್ಲಿ ಕುಂಡವನ್ನು ಒಳಗಿಡಿ, ಹಿಮ ತಾಗಿದರೆ ಕೊಳೆತು ಹೋಗುತ್ತದೆ.

ಬೀಜ ಬೇಡ, ಕಡ್ಡಿ ಸಾಕು. ಪಕ್ಕದ ಮನೆಯಿಂದ ನಾಲ್ಕೈದು ಇಂಚಿನ ತುಂಡು ತನ್ನಿ. ಕೆಳಗಿನ ಎಲೆ ಕಿತ್ತು, ಕತ್ತರಿಸಿದ ಜಾಗ ಒಣಗಲೆಂದು ನೆರಳಲ್ಲಿ ಅರ್ಧ ದಿನ ಇಟ್ಟು, ಆಮೇಲೆ ಮಣ್ಣಿಗೆ ಚುಚ್ಚಿ. ಎರಡು ಮೂರು ವಾರದಲ್ಲಿ ಬೇರು ಹಿಡಿಯುತ್ತದೆ. ಬೆರಳಿಟ್ಟು ನೋಡಿ ಮೇಲ್ಮಣ್ಣು ಒಣಗಿದ್ದರೆ ಮಾತ್ರ ನೀರು. ತುದಿ ಚಿವುಟುತ್ತಾ ಇದ್ದರೆ ಪೊದೆಯಾಗುತ್ತದೆ, ಬಿಟ್ಟರೆ ಉದ್ದಕ್ಕೆ ಬೆಳೆದು ಬೀಳುತ್ತದೆ.

ಈಗ ಕೆಮ್ಮು ನೆಗಡಿಗೆ ರಸ ತೆಗೆಯುವ ಕ್ರಮ. ಹಸಿ ಎಲೆ ಹಿಂಡಿದರೆ ರಸ ಬರುವುದಿಲ್ಲ, ಬರೀ ಕೈ ನೋವು. ಬೆಳೆದ ಎಲೆ ನಾಲ್ಕೈದು ತೊಳೆದು ಒರೆಸಿ. ಕಬ್ಬಿಣದ ಕಾವಲಿಯನ್ನು ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಎಣ್ಣೆ ಹಾಕದೆ ಎಲೆ ಹರಡಿ. ಅರ್ಧ ನಿಮಿಷಕ್ಕೆ ಚುಂಯ್ ಎನ್ನುತ್ತದೆ, ಹೊಳೆಯುವ ಹಸಿರು ಹೋಗಿ ಮಬ್ಬು ಬಣ್ಣಕ್ಕೆ ತಿರುಗುತ್ತದೆ, ಎಲೆ ಮೆತ್ತಗೆ ಬಾಗುತ್ತದೆ. ತಿರುವಿ ಹಾಕಿ ಇನ್ನರ್ಧ ನಿಮಿಷ. ಕಪ್ಪಾಗಲು ಬಿಡಬೇಡಿ. ಇಳಿಸಿ, ಕೈಗೆ ತಡೆಯುವಷ್ಟು ಆರಿದ ಮೇಲೆ ಶುದ್ಧ ಬಟ್ಟೆಯಲ್ಲಿಟ್ಟು ಹಿಂಡಿದರೆ ಒಂದು ಟೀ ಚಮಚದಷ್ಟು ರಸ ಬರುತ್ತದೆ. ದೊಡ್ಡವರು ಇದಕ್ಕೆ ಒಂದು ಚಮಚ ಜೇನು ಸೇರಿಸಿ ದಿನಕ್ಕೆ ಎರಡು ಸಲ ತೆಗೆದುಕೊಳ್ಳಬಹುದು. ಎರಡು ವರ್ಷ ದಾಟಿದ ಮಕ್ಕಳಿಗೆ ರಸವೂ ಅರ್ಧ ಚಮಚ, ಜೇನೂ ಅರ್ಧ ಚಮಚ. ಮೂರು ದಿನ ಕೊಟ್ಟು ನೋಡಿ, ಸಾಕು.

ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು, ನಾಲಿಗೆಗೆ ನೆಕ್ಕಿಸುವುದೂ ಬೇಡ. ಜೇನಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದಿಂದ ಹಸುಗೂಸುಗಳಿಗೆ ಬೊಟುಲಿಸಂ ಎಂಬ ಕಾಯಿಲೆ ಬರುತ್ತದೆ, ಅದು ಮೈಯ ಸ್ನಾಯುಗಳನ್ನೇ ಸೋಲಿಸುತ್ತದೆ. ಅಜ್ಜಿ ಎಷ್ಟೇ ಬೈದರೂ ಇದೊಂದರಲ್ಲಿ ಸೋಲಬೇಡಿ. ಮಗು ಬೇಗ ಬೇಗ ಉಸಿರಾಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ಹಾಲು ನೀರು ಬೇಡ ಎಂದರೆ, ಅಲ್ಲಿಗೆ ದೊಡ್ಡಪತ್ರೆಯ ಕೆಲಸ ಮುಗಿಯಿತು. ಕೂಡಲೇ ಆಸ್ಪತ್ರೆಗೆ ಹೊರಡಿ.

ಪಿತ್ತದ ಗಂದೆ ಎದ್ದಾಗ ಈ ಎಲೆ ಉಜ್ಜುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ತಂಪಾಗಿ ತುರಿಕೆ ಸ್ವಲ್ಪ ಇಳಿಯುತ್ತದೆ, ನಿಜ. ಆದರೆ ಮೊದಲು ಮುಂಗೈ ಒಳಭಾಗದಲ್ಲಿ ಒಂದು ಕಾಸಗಲ ಹಚ್ಚಿ ಅರ್ಧ ಗಂಟೆ ಕಾದು ನೋಡಿ, ಈ ಎಲೆಯೇ ಆಗದವರೂ ಇದ್ದಾರೆ. ಗಂದೆಯ ಜೊತೆ ತುಟಿ, ಕಣ್ಣುರೆಪ್ಪೆ ಊದಿಕೊಂಡರೆ ಅಥವಾ ಗಂಟಲು ಬಿಗಿದ ಹಾಗಾದರೆ ಎಲೆ ಉಜ್ಜುತ್ತಾ ಕೂರಬೇಡಿ. ಅದು ಜೀವಕ್ಕೇ ಕುತ್ತು ತರುವ ಅಲರ್ಜಿ, 108ಕ್ಕೆ ಫೋನ್ ಮಾಡಿ.

ಹೊಟ್ಟೆ ಭಾರ, ಅಜೀರ್ಣ ಎಂದರೆ ತಂಬುಳಿ. ಅರ್ಧ ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಹತ್ತು ಹನ್ನೆರಡು ದೊಡ್ಡಪತ್ರೆ ಎಲೆ ಹಾಕಿ ಬಾಡಿಸಿ. ಎಲೆ ನೀರು ಬಿಟ್ಟುಕೊಂಡು ಕುಗ್ಗುತ್ತದೆ, ಆ ನೀರು ಆರುವವರೆಗೂ ಬಾಡಿಸಬೇಕು, ಇಲ್ಲದಿದ್ದರೆ ಹಸಿ ಕಮಟು ಉಳಿಯುತ್ತದೆ. ಆರಿದ ಮೇಲೆ ಮೂರು ಚಮಚ ತೆಂಗಿನ ತುರಿ ಸೇರಿಸಿ ನುಣ್ಣಗೆ ರುಬ್ಬಿ, ಒಂದು ಲೋಟ ಮಜ್ಜಿಗೆಗೆ ಕದಡಿ, ಉಪ್ಪು ಹಾಕಿ, ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಡಿ. ಮತ್ತೆ ಕುದಿಸಬಾರದು, ಮಜ್ಜಿಗೆ ಒಡೆಯುತ್ತದೆ. ಮಲೆನಾಡು, ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಅವರು ಕಣ್ಣಿಗೆ ಬಿದ್ದ ಚಿಗುರಿಗೆಲ್ಲ ತಂಬುಳಿ ಮಾಡುವವರು. ನನ್ನ ಲೆಕ್ಕದಲ್ಲಿ ಮನೆಮದ್ದಿನ ಅತ್ಯುತ್ತಮ ರೂಪ ಇದೇ: ಊಟದ ಪ್ರಮಾಣದಲ್ಲೇ ಇರುತ್ತದೆ, ಅತಿಯಾಗುವ ಭಯ ಇಲ್ಲ, ಮದ್ದಾಗಿ ಕೆಲಸ ಮಾಡದಿದ್ದರೂ ಊಟವಂತೂ ಆಯಿತು.

ತುಳಸಿ, ಮಜ್ಜಿಗೆ ಹುಲ್ಲು ಮತ್ತು ಕಷಾಯ ಮಾಡುವ ಕ್ರಮ

ತುಳಸಿಗೆ ಎರಡು ಕುಂಡ ಇಟ್ಟುಕೊಳ್ಳಿ. ಬೃಂದಾವನದ್ದು ಪೂಜೆಗೆ, ಇನ್ನೊಂದು ಕಷಾಯಕ್ಕೆ. ಹೀಗೆ ಮಾಡಿದರೆ ದ್ವಾದಶಿ ದಿನ ಕೀಳಬಾರದು, ಸಂಜೆ ಮೇಲೆ ಮುಟ್ಟಬಾರದು ಎಂಬ ಮನೆಯ ಜಗಳವೂ ಅರ್ಧಕ್ಕೆ ಇಳಿಯುತ್ತದೆ. ಕಷಾಯದ ಗಿಡದಲ್ಲಿ ಕದಿರು ಬಂದ ತಕ್ಷಣ ಚಿವುಟಿ. ಬಿಟ್ಟರೆ ಗಿಡ ಬೀಜಕ್ಕೆ ತಿರುಗಿ ಎಲೆ ಸಣ್ಣದಾಗುತ್ತದೆ. ಕೀಳುವುದು ಬೆಳಗ್ಗೆ, ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುಂಚೆ. ಆಗ ಎಲೆಯಲ್ಲಿ ಘಮ ಹೆಚ್ಚಿರುತ್ತದೆ.

ಕಷಾಯದಲ್ಲಿ ಬಹಳ ಜನ ಎಲ್ಲವನ್ನೂ ಒಟ್ಟಿಗೆ ಹಾಕಿ ಅರ್ಧ ಗಂಟೆ ಕುದಿಸುತ್ತಾರೆ. ಮನೆ ತುಂಬ ಘಮಘಮ ಎನ್ನುತ್ತದೆ, ಯಾಕೆಂದರೆ ಲೋಟದಲ್ಲಿ ಇರಬೇಕಾದ್ದು ಗಾಳಿಗೆ ಹೋಗಿದೆ. ಲೆಕ್ಕ ಸುಲಭ: ಗಟ್ಟಿ ವಸ್ತು ಕುದಿಯಬೇಕು, ಘಮದ ಎಲೆ ನೆನೆಯಬೇಕು. ಒಂದೂವರೆ ಲೋಟ ನೀರಿಗೆ ಅರ್ಧ ಇಂಚು ಜಜ್ಜಿದ ಶುಂಠಿ, ನಾಲ್ಕು ಕಾಳುಮೆಣಸು, ಬೇಕಿದ್ದರೆ ಚಿಟಿಕೆ ಅರಿಶಿನ ಹಾಕಿ ಸಣ್ಣ ಉರಿಯಲ್ಲಿ ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿ. ಒಲೆ ಆರಿಸಿ. ಆಮೇಲೆ ಕೈಯಲ್ಲಿ ಹರಿದ ಎಂಟು ಹತ್ತು ತುಳಸಿ ಎಲೆ ಹಾಕಿ ತಟ್ಟೆ ಮುಚ್ಚಿ. ಐದು ನಿಮಿಷ ಬಿಟ್ಟು ತಟ್ಟೆ ತೆಗೆದರೆ ಅದರ ಒಳಗಡೆ ಬೆವರಿನ ಹಾಗೆ ಹನಿ ನಿಂತಿರುತ್ತದೆ, ಅದನ್ನೂ ಲೋಟಕ್ಕೇ ಕೊಡವಿ, ತುಳಸಿಯ ಎಣ್ಣೆ ಅಂಶ ಅದರಲ್ಲೂ ಇರುತ್ತದೆ. ಸೋಸಿ, ಚೂರು ಬೆಲ್ಲ ಹಾಕಿ ಬಿಸಿಯಾಗಿ ಕುಡಿಯಿರಿ.

ದಿನಕ್ಕೆ ಎರಡು ಲೋಟ ಮಿತಿ. ಕೊರೊನಾ ಕಾಲದಲ್ಲಿ ದಿನವಿಡೀ ಮೆಣಸು, ಶುಂಠಿ, ಚಕ್ಕೆ ಕುದಿಸಿ ಕುಡಿದು ಎದೆ ಉರಿ, ಬಾಯಿ ಹುಣ್ಣು ತರಿಸಿಕೊಂಡವರು ನಿಮ್ಮ ಮನೆಯಲ್ಲೂ ಇರಬಹುದು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ತುಳಸಿ, ಶುಂಠಿ, ಅರಿಶಿನವನ್ನು ಅಡುಗೆಯ ಅಳತೆ ಮೀರಿ ದಿನಾ ಬಳಸುವುದಾದರೆ ಡಾಕ್ಟರಿಗೆ ಹೇಳಿಯೇ ಬಳಸಬೇಕು. ಆಪರೇಷನ್ ದಿನ ಗೊತ್ತಾಗಿದ್ದರೆ ಎರಡು ವಾರ ಮುಂಚೆಯೇ ಇಂಥದ್ದೆಲ್ಲ ನಿಲ್ಲಿಸುವುದು ಒಳ್ಳೆಯದು.

ಮಜ್ಜಿಗೆ ಹುಲ್ಲು ಇನ್ನೂ ಸುಲಭ. ಒಂದು ಬುಡ ನೆಟ್ಟರೆ ವರ್ಷದಲ್ಲಿ ಕುಂಡ ತುಂಬುತ್ತದೆ. ಎರಡು ಎಲೆ ಕತ್ತರಿಸಿ, ಗಂಟು ಕಟ್ಟಿ, ಕುದಿಯುವ ನೀರಿಗೆ ಹಾಕಿ ಎರಡು ನಿಮಿಷ, ಮುಚ್ಚಿ ಐದು ನಿಮಿಷ. ಎಲೆಯ ಅಂಚು ಬ್ಲೇಡಿನಷ್ಟು ಹರಿತ, ಕೈಯಲ್ಲಿ ಎಳೆಯಬೇಡಿ, ಕತ್ತರಿ ಬಳಸಿ. ಊಟವಾದ ಮೇಲೆ ಹೊಟ್ಟೆ ಉಬ್ಬರಕ್ಕೆ ಹಿತ. ಕೊಬ್ಬು ಕರಗಿಸುತ್ತದೆ ಎಂದೆಲ್ಲ ನಂಬಿಕೊಂಡು ಕುಡಿಯಬೇಡಿ, ರುಚಿಗೆ ಕುಡಿಯಿರಿ.

ಆವಿ ತೆಗೆದುಕೊಳ್ಳುವವರಿಗೆ ಒಂದು ಮಾತು. ಕುದಿಯುವ ನೀರಿನ ಪಾತ್ರೆ ಎದುರಿಟ್ಟು ಕಂಬಳಿ ಹೊದೆಸುವ ಪದ್ಧತಿಯನ್ನು ಮಕ್ಕಳಿಗೆ ಮಾಡಲೇಬೇಡಿ. ಪಾತ್ರೆ ಮಗುಚಿ ತೊಡೆ ಸುಟ್ಟುಕೊಳ್ಳುವ ಮಕ್ಕಳು ಸುಟ್ಟಗಾಯದ ವಾರ್ಡಿಗೆ ಬರುತ್ತಲೇ ಇರುತ್ತಾರೆ. ದೊಡ್ಡವರಾದರೆ ಪಾತ್ರೆಯನ್ನು ಗಟ್ಟಿ ಮೇಜಿನ ಮೇಲಿಟ್ಟು, ನೀರು ಇಳಿಸಿ ಎರಡು ನಿಮಿಷ ಬಿಟ್ಟು, ತುಳಸಿ ಅಥವಾ ದೊಡ್ಡಪತ್ರೆ ಎಲೆ ಹಾಕಿ ಐದು ನಿಮಿಷ ತೆಗೆದುಕೊಂಡರೆ ಸಾಕು.

ಒಂದೆಲಗ

ತುಳುವರ ತಿಮರೆ. ಒಂದು ಬಳ್ಳಿ, ಗೆಣ್ಣಿಗೊಂದಷ್ಟು ಬೇರು, ದುಂಡು ಎಲೆ. ನೀರು ನಿಲ್ಲದೆ ಸದಾ ತೇವ ಇರುವ ಮಣ್ಣು ಇದಕ್ಕೆ ಇಷ್ಟ, ಬೇಸಿಗೆಯಲ್ಲಿ ದಿನಕ್ಕೆರಡು ಸಲ ನೀರು. ಅಂಗಡಿಯಲ್ಲಿ ಬ್ರಾಹ್ಮಿ ಎಂಬ ಹೆಸರಲ್ಲಿ ಇದೂ ಸಿಗುತ್ತದೆ, ಸಣ್ಣ ದಪ್ಪ ಎಲೆಯ ನೀರುಬ್ರಾಹ್ಮಿಯೂ ಸಿಗುತ್ತದೆ. ಎರಡೂ ಬೇರೆ ಬೇರೆ ಗಿಡ, ಎಲೆ ನೋಡಿ ತನ್ನಿ.

ಒಂದು ಹಿಡಿ ಎಲೆಯನ್ನು ದಂಟು ಸಮೇತ ಉಪ್ಪು ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಮತ್ತೆರಡು ಸಲ ಹರಿಯುವ ನೀರಿನಲ್ಲಿ ತೊಳೆಯಿರಿ. ಒಂದು ಚಮಚ ಉದ್ದಿನಬೇಳೆ, ಎರಡು ಒಣಮೆಣಸು ಹುರಿದು, ತೆಂಗಿನ ತುರಿ, ಚೂರು ಹುಣಸೆ, ಬೆಲ್ಲ, ಉಪ್ಪಿನ ಜೊತೆ ರುಬ್ಬಿದರೆ ಚಟ್ನಿ. ಬೇಸಿಗೆಯಲ್ಲಿ ಅನ್ನಕ್ಕೆ ಕಲಸಿಕೊಂಡರೆ ಹೊಟ್ಟೆ ತಂಪು. ವಾರಕ್ಕೆ ಎರಡು ಮೂರು ಸಲ ತಿನ್ನಿ, ಮಕ್ಕಳಿಗೂ ಕೊಡಿ. ಆದರೆ ಪರೀಕ್ಷೆ ಹಿಂದಿನ ವಾರ ದಿನಾ ಲೋಟಗಟ್ಟಲೆ ರಸ ಕುಡಿಸಿದರೆ ಅಂಕ ಏರುವುದಿಲ್ಲ, ಪಾಪ ಮಗುವಿಗೆ ವಾಕರಿಕೆ ಬರುತ್ತದೆ ಅಷ್ಟೇ.

ಲೋಳೆಸರ: ಹಳದಿ ನೀರು ಇಳಿಸುವುದೇ ಮುಖ್ಯ

ಎಲೆ ಕತ್ತರಿಸಿದ ಕೂಡಲೇ ಸಿಪ್ಪೆಯ ಪಕ್ಕದಿಂದ ಹಳದಿ ಬಣ್ಣದ ಕಹಿ ನೀರು ಇಳಿಯುತ್ತದೆ, ಗಮನಿಸಿದ್ದೀರಾ? ಅದು ಒಳಗಿನ ಲೋಳೆ ಅಲ್ಲ. ಅದರಲ್ಲಿ ಅಲೋಯಿನ್ ಎಂಬ ಭೇದಿ ಮಾಡಿಸುವ ಅಂಶ ಇದೆ, ಚರ್ಮಕ್ಕೂ ಕೆರಳಿಕೆ ತರುತ್ತದೆ. ಈ ಹಳದಿ ಅಂಶದಿಂದ ಮಾಡಿದ ಭೇದಿ ಮಾತ್ರೆಗಳನ್ನು ಅಮೆರಿಕದ ಔಷಧ ಆಡಳಿತ 2002ರಲ್ಲಿ ಚೀಟಿ ಇಲ್ಲದೆ ಮಾರುವ ಪಟ್ಟಿಯಿಂದಲೇ ತೆಗೆಯಿತು. ಹಾಗಾಗಿ ಬುಡದ ದಪ್ಪ ಎಲೆ ಒಂದನ್ನು ಕತ್ತರಿಸಿ, ಕತ್ತರಿಸಿದ ತುದಿ ಕೆಳಗೆ ಮಾಡಿ ಲೋಟದಲ್ಲಿ ಕಾಲು ಗಂಟೆ ನಿಲ್ಲಿಸಿ. ಹಳದಿ ಇಳಿದ ಮೇಲೆ ತೊಳೆದು, ಮುಳ್ಳಿನ ಅಂಚು ಎರಡೂ ಕಡೆ ತೆಗೆದು, ಸಿಪ್ಪೆ ಸೀಳಿ, ಗಾಜಿನಂತಿರುವ ಲೋಳೆಯನ್ನು ಇನ್ನೊಮ್ಮೆ ತೊಳೆದು ಬಳಸಿ. ಬೆಳಗ್ಗೆ ಖಾಲಿ ಹೊಟ್ಟೆಗೆ ಲೋಳೆಸರ ಜ್ಯೂಸ್ ಕುಡಿಯುವ ಫ್ಯಾಷನ್ ನನಗೆ ಒಪ್ಪಿಗೆ ಇಲ್ಲ. ಹೊರಗೆ ಹಚ್ಚಿ, ಒಳಗೆ ಬೇಡ.

ಬಿಸಿ ಪಾತ್ರೆ ತಾಗಿ ಕೈ ಸುಟ್ಟರೆ ಮೊದಲು ಲೋಳೆಸರ ಅಲ್ಲ, ನಲ್ಲಿ ನೀರು. 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಹತ್ತು ನಿಮಿಷಕ್ಕೇ ಬೇಸರವಾಗುತ್ತದೆ, ಆದರೂ ಹಿಡಿಯಿರಿ. ಬಳೆ ಉಂಗುರ ಊದುವ ಮುಂಚೆ ತೆಗೆಯಿರಿ. ಟೂತ್‌ಪೇಸ್ಟ್, ಶಾಯಿ, ತುಪ್ಪ, ಐಸ್ ಯಾವುದೂ ಬೇಡ. ಆಮೇಲೆ ಚರ್ಮ ಬರೀ ಕೆಂಪಾಗಿದ್ದು ಬೊಬ್ಬೆ ಎದ್ದಿಲ್ಲವಾದರೆ ಲೋಳೆ ತೆಳುವಾಗಿ ಹಚ್ಚಬಹುದು. ಬೊಬ್ಬೆ ಎದ್ದಿದ್ದರೆ, ಮುಖ, ಕಣ್ಣು, ಕೀಲಿನ ಮೇಲೆ ಸುಟ್ಟಿದ್ದರೆ, ಅಥವಾ ಅಂಗೈಗಿಂತ ದೊಡ್ಡ ಜಾಗವಾದರೆ ಆಸ್ಪತ್ರೆಗೆ ಹೋಗಿ.

ದಾಸವಾಳ: ತಲೆಗೆ

ಐದು ಎಸಳಿನ ಕೆಂಪು ದಾಸವಾಳ ಹುಡುಕಿ. ಒಂದು ಬೊಗಸೆ ಎಲೆ, ನಾಲ್ಕು ಹೂ ತೊಳೆದು ಅರ್ಧ ಬಟ್ಟಲು ನೀರಿನಲ್ಲಿ ಕಿವುಚಿದರೆ ಲೋಳೆ ಬಿಡುತ್ತದೆ. ಇದನ್ನು ಬಟ್ಟೆಯಲ್ಲೇ ಸೋಸಬೇಕು. ಜರಡಿಯಲ್ಲಿ ಸೋಸಿದರೆ ಎಲೆಯ ಚೂರು ಕೂದಲಿಗೆ ಸಿಕ್ಕಿಕೊಂಡು ಎರಡು ದಿನ ಉದುರುತ್ತಿರುತ್ತದೆ. ಸೀಗೆಪುಡಿ ಜೊತೆ ಸೇರಿಸಿ ಸ್ನಾನ ಮಾಡಿದರೆ ಸೀಗೆಯ ಒರಟುತನ ಹೋಗಿ ಕೂದಲು ನಯವಾಗುತ್ತದೆ.

ಎಣ್ಣೆ ಕಾಸುವುದು ಹೀಗೆ:

1. ಹತ್ತು ಹನ್ನೆರಡು ಹೂ, ಎರಡು ಹಿಡಿ ಕರಿಬೇವು ತೊಳೆದು ನೆರಳಲ್ಲಿ ಎರಡು ದಿನ ಆರಿಸಿ. ಮುಟ್ಟಿದರೆ ತೇವ ಇರಬಾರದು.

2. ದಪ್ಪ ತಳದ ಬಾಣಲೆಗೆ ಕಾಲು ಲೀಟರ್ ಕೊಬ್ಬರಿ ಎಣ್ಣೆ ಹಾಕಿ, ಹೊಗೆ ಬರುವ ಮುಂಚೆ, ಸಾಧಾರಣ ಬಿಸಿ ಇರುವಾಗಲೇ ಎಲೆ, ಹೂ ಹಾಕಿ. ಉರಿ ಅತಿ ಸಣ್ಣದಿರಲಿ.

3. ಸುತ್ತ ಸಣ್ಣ ಗುಳ್ಳೆ ಏಳುತ್ತದೆ. ಆ ಗುಳ್ಳೆಯೇ ಎಲೆಯೊಳಗಿನ ನೀರು. ಗುಳ್ಳೆ ಪೂರ್ತಿ ನಿಲ್ಲುವವರೆಗೂ ಇಳಿಸಬೇಡಿ. ಒಂದು ಕರಿಬೇವಿನ ಎಲೆ ಎತ್ತಿ ಮುರಿದರೆ ಚಟಕ್ ಎನ್ನಬೇಕು.

4. ಬಾಣಲೆಯಲ್ಲೇ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಬಟ್ಟೆಯಲ್ಲಿ ಸೋಸಿ, ಒಣಗಿದ ಗಾಜಿನ ಬಾಟಲಿಗೆ ತುಂಬಿ.

ನೀರಿನಂಶ ಉಳಿದರೆ ಹದಿನೈದು ದಿನದಲ್ಲಿ ಎಣ್ಣೆ ಕಮಟು ವಾಸನೆ ಹೊಡೆಯುತ್ತದೆ. ಉದುರಿದ ಕೂದಲು ಇದರಿಂದ ಮತ್ತೆ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಥೈರಾಯ್ಡ್, ರಕ್ತ ಕಡಿಮೆ ಇರುವುದು, ಹೆರಿಗೆಯ ನಂತರದ ಬದಲಾವಣೆ, ಇವು ಕಾರಣವಾದರೆ ಎಣ್ಣೆಯಿಂದ ಆಗುವುದೇನೂ ಇಲ್ಲ, ರಕ್ತ ಪರೀಕ್ಷೆ ಮಾಡಿಸಿ.

ಭೇದಿಯಾದಾಗ

ಸೀಬೆ ಚಿಗುರು ಅಗಿಯುವುದು, ದಾಳಿಂಬೆ ಸಿಪ್ಪೆಯ ತಂಬುಳಿ, ಎರಡೂ ಹಳೆಯ ಕ್ರಮ. ಇವುಗಳ ಒಗರು ಹೊಟ್ಟೆಗೆ ಹಿತ ಎನಿಸಬಹುದು. ಆದರೆ ಭೇದಿಯಲ್ಲಿ ಜೀವ ತೆಗೆಯುವುದು ಮೈಯ ನೀರು ಬತ್ತುವುದು. ಹಾಗಾಗಿ ಮೊದಲು ಓಆರ್‌ಎಸ್. ಪ್ಯಾಕೆಟ್ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ತಲೆ ತಟ್ಟಿದ ಅಳತೆ. ಉಪ್ಪು ಜಾಸ್ತಿಯಾದರೆ ಮಗುವಿಗೆ ಅಪಾಯ, ಕಣ್ಣಂದಾಜಿನಲ್ಲಿ ಹಾಕಬೇಡಿ. ಮಲದಲ್ಲಿ ರಕ್ತ ಕಂಡರೆ, ಮೂತ್ರ ನಿಂತರೆ, ಮಗು ಮಂಕಾದರೆ ಕಾಯಬೇಡಿ.

ನನ್ನ ಪಟ್ಟಿಯಲ್ಲಿ ಇಲ್ಲದವು, ಮತ್ತು ಯಾಕಿಲ್ಲ

ಅಮೃತಬಳ್ಳಿ ಮೊದಲು. ಕೊರೊನಾ ಹೊತ್ತಿನಲ್ಲಿ ಮನೆಮನೆಯಲ್ಲೂ ಕುದಿಯಿತು. 2021ರಲ್ಲಿ ಮುಂಬೈನ ವೈದ್ಯರು ಇದನ್ನು ಸೇವಿಸಿದ ಕೆಲವರಲ್ಲಿ ಲಿವರ್ ಪೆಟ್ಟು ತಿಂದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದೇ ಜಾತಿಯ ಇನ್ನೊಂದು ಬಳ್ಳಿಯನ್ನು ತಪ್ಪಾಗಿ ಬಳಸಿರಬಹುದು ಎಂದಿತು. ಯಾರು ಸರಿ ಎಂಬ ವಾದ ಬಿಡಿ. ಬೇಲಿ ಮೇಲಿನ ಬಳ್ಳಿ ಯಾವುದೆಂದು ನಮಗೆ ನಿಮಗೆ ಖಚಿತವಾಗಿ ಹೇಳಲಾಗದಿದ್ದರೆ ತಿಂಗಳುಗಟ್ಟಲೆ ಕುಡಿಯುವ ಮದ್ದು ಅದಲ್ಲ. ಲಿವರ್ ತೊಂದರೆ ಇರುವವರು, ರೋಗನಿರೋಧಕ ವ್ಯವಸ್ಥೆ ಮೈಮೇಲೆಯೇ ತಿರುಗಿ ಬೀಳುವ ಕಾಯಿಲೆ ಇರುವವರು ದೂರ ಇರುವುದೇ ಲೇಸು.

ಆಡುಸೋಗೆ ನಿಜವಾಗಿ ಬಲವಾದ ಗಿಡ. ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ಮಾತ್ರೆಯ ಮೂಲವೇ ಇದರಲ್ಲಿರುವ ವ್ಯಾಸಿಸಿನ್. ಅದಕ್ಕೇ ಎಚ್ಚರಿಕೆ ಕೂಡ: ಗರ್ಭಕೋಶವನ್ನು ಕುಗ್ಗಿಸುವ ಗುಣ ಇರುವುದರಿಂದ ಗರ್ಭಿಣಿಯರು ಮುಟ್ಟಬಾರದು. ಕಾಮಾಲೆಗೆ ನೆಲನೆಲ್ಲಿ ಎನ್ನುತ್ತಾರೆ. 1988ರಲ್ಲಿ ಚೆನ್ನೈ ಕಡೆಯ ಸಂಶೋಧಕರು ಹೆಪಟೈಟಿಸ್ ಬಿಗೆ ಇದು ಕೆಲಸ ಮಾಡುತ್ತದೆ ಎಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಾಗ ದೊಡ್ಡ ಸುದ್ದಿಯಾಯಿತು, ಆದರೆ ಮುಂದೆ ಬೇರೆಯವರು ಮಾಡಿದ ಪರೀಕ್ಷೆಗಳಲ್ಲಿ ಆ ಫಲ ಬರಲಿಲ್ಲ. ಕಣ್ಣು ಹಳದಿಯಾದರೆ ಕಾರಣ ವೈರಸ್ಸೋ, ಪಿತ್ತಕೋಶದ ಕಲ್ಲೋ, ಇನ್ನೇನೋ ಎಂದು ಪರೀಕ್ಷೆಯಿಂದಲೇ ಗೊತ್ತಾಗಬೇಕು. ಡೆಂಗ್ಯೂಗೆ ಪಪ್ಪಾಯ ಎಲೆ ರಸ ಕುಡಿಸಿ ಧೈರ್ಯವಾಗಿ ಮನೆಯಲ್ಲಿ ಕೂರಬೇಡಿ. ಜ್ವರ ಇಳಿದ ಮೇಲೆ ಬರುವ ಎರಡು ದಿನವೇ ಅದರಲ್ಲಿ ಅಪಾಯದ ಕಾಲ. ಹೊಟ್ಟೆ ನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಓಡಬೇಕು. ಆಸ್ಪಿರಿನ್, ಐಬುಪ್ರೊಫೆನ್ ಆಗ ಬೇಡ.

ಹಸುಗೂಸಿಗೆ ಬಜೆ ತೇಯ್ದು ನೆಕ್ಕಿಸುವುದು ಇನ್ನೂ ನಡೆಯುತ್ತಿದೆ. ಬಜೆಯಲ್ಲಿರುವ ಅಸರೋನ್ ಎಂಬ ಅಂಶದ ಕಾರಣಕ್ಕೆ ಅಮೆರಿಕ 1968ರಲ್ಲೇ ಅದನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿದೆ. ನಿತ್ಯಪುಷ್ಪದ ಎಲೆ ಸಕ್ಕರೆ ಕಾಯಿಲೆಗೆ ಒಳ್ಳೆಯದಂತೆ ಎಂದು ಅಗಿಯುವವರೂ ಇದ್ದಾರೆ. ಆ ಗಿಡದಿಂದ ತೆಗೆಯುವುದು ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧಿ. ಆಸ್ಪತ್ರೆಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಕೊಡುವುದನ್ನು ಅಂಗಳದಿಂದ ಕಿತ್ತು ಅಗಿಯುವುದು ಬೇಡ. ನಂದಿಬಟ್ಟಲಿನ ರಸ ಕಣ್ಣಿಗೆ, ಎಲೆ ಹಿಂಡಿದ ರಸ ಕಿವಿಗೆ ಬಿಡುವುದೂ ಬೇಡವೇ ಬೇಡ. ಹಾವು ಕಡಿತಕ್ಕೆ, ನಾಯಿ ಕಡಿತಕ್ಕೆ ಯಾವ ಸೊಪ್ಪೂ ಇಲ್ಲ. ಹಾವಿಗೆ ಪ್ರತಿವಿಷ, ನಾಯಿಗೆ 15 ನಿಮಿಷ ಸೋಪು ನೀರಲ್ಲಿ ತೊಳೆದು ರೇಬೀಸ್ ಲಸಿಕೆ. ಅಷ್ಟೇ.

ಗಿಡ ಗುರುತಿಸುವ ವಿಷಯಕ್ಕೆ ನಮ್ಮಲ್ಲೇ ಒಳ್ಳೆಯ ಪಾಠ ಇದೆ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆ ಬೆಳಗ್ಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ನಸುಕಿನಲ್ಲಿ, ಕತ್ತಲಲ್ಲಿ, ತೊಗಟೆ ಕಲ್ಲಿನಿಂದ ಜಜ್ಜಿ ತರುವುದು. ಆ ಕತ್ತಲಲ್ಲಿ ಹಾಲೆ ಬದಲು ಕಾಸರಕನ ತೊಗಟೆ ಬಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್, ಶುದ್ಧ ವಿಷ. ಅದಕ್ಕೆ ಬಲ್ಲವರು ಹಿಂದಿನ ದಿನ ಹಗಲಲ್ಲೇ ಮರ ನೋಡಿ ಗುರುತು ಮಾಡಿ ಬರುತ್ತಾರೆ. ಕೊಡಗಿನಲ್ಲಿ ಕಕ್ಕಡ 18ರಂದು, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸ ಮಾಡುತ್ತಾರೆ. ಮರುದಿನ ಮೂತ್ರ ಕೆಂಪಾದರೆ ಗಾಬರಿ ಬೀಳಬೇಡಿ, ಸೊಪ್ಪಿನ ಬಣ್ಣ ಅದು.

ಕಿತ್ತಿಡುವುದು, ಒಣಗಿಸುವುದು

ತುಳಸಿ, ಮಜ್ಜಿಗೆ ಹುಲ್ಲು ಒಣಗಿಸಿದರೂ ಬರುತ್ತವೆ. ದೊಡ್ಡಪತ್ರೆ, ಒಂದೆಲಗ, ಲೋಳೆಸರ ಹಸಿಯೇ ಸರಿ. ಒಣಗಿಸುವುದು ನೆರಳಲ್ಲಿ, ಗಾಳಿ ಆಡುವ ಕಡೆ, ಬಟ್ಟೆಯ ಮೇಲೆ ಒಂದೇ ಪದರವಾಗಿ. ಎಲೆ ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು, ಬಾಗಿದರೆ ಇನ್ನೊಂದು ದಿನ. ಗಾಜಿನ ಡಬ್ಬಿಗೆ ಹಾಕಿ, ಹೆಸರು, ತಿಂಗಳು ಬರೆದು ಅಂಟಿಸಿ, ಒಲೆಯಿಂದ ದೂರ ಇಡಿ. ಆರು ತಿಂಗಳು ಬಳಸಿ, ಆಮೇಲೆ ಘಮ ಇಲ್ಲದ ಎಲೆಯನ್ನು ಅದೇ ಕುಂಡಕ್ಕೆ ಗೊಬ್ಬರ ಮಾಡಿ. ಮಳೆಗಾಲದಲ್ಲಿ ಒಣಗಿಸುವ ಸಾಹಸ ಬೇಡ, ಮಂಗಳೂರು, ಸಾಗರದ ಕಡೆ ಜುಲೈನಲ್ಲಿ ಬಟ್ಟೆಯೇ ಒಣಗುವುದಿಲ್ಲ, ಎಲೆಗೆ ಬೂಸ್ಟು ಬರುತ್ತದೆ. ಬೂಸ್ಟು ಬಂದದ್ದನ್ನು ಬಿಸಿಲಿಗಿಟ್ಟು ಉಳಿಸಿಕೊಳ್ಳಲು ಹೋಗಬೇಡಿ, ಎಸೆಯಿರಿ.